ಕೇಳಿ, ಹೇಳುತ್ತೇನೆ: ಕಟ್ಟುವ ಕೆಲಸ ಬೇಕಾದಷ್ಟಿದೆ, ಕಟ್ಟುವವರ ಕೈಗೆ ದುಡ್ಡು ಯಾವಾಗ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಟ್ಟಡ ಕೆಲಸ, ಕಾಂಟ್ರ್ಯಾಕ್ಟು, ರಸ್ತೆ, ಫ್ಲೈಓವರ್ ಮೇಲೆಯೇ ಇವೆ. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇನೆ, ಬೇಜಾರಾಗಬೇಡಿ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದರಿಂದ ಯಾರ ಹೆಸರೂ ಇಲ್ಲ, ಊರು ಮಾತ್ರ.

ಪ್ರಶ್ನೆ (ದಾವಣಗೆರೆ): ಸರ್, ನಾನು ಸಿವಿಲ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇನೆ. ಪೇಪರ್ ನೋಡಿದರೆ ನಿರ್ಮಾಣ ಕ್ಷೇತ್ರ ಓಡುತ್ತಿದೆ ಅಂತಾರೆ. ನಮ್ಮ ಸೀನಿಯರ್‌ಗಳನ್ನು ಕೇಳಿದರೆ ಹದಿನೈದು ಸಾವಿರ ಸಂಬಳ ಅಂತಾರೆ. ಅಮ್ಮ ಬ್ಯಾಂಕ್ ಪರೀಕ್ಷೆಗೆ ಓದು ಅಂತಿದ್ದಾರೆ. ಯಾರ ಮಾತು ನಿಜ?

ಉತ್ತರ: ಪೇಪರ್‌ನವರದ್ದೂ ನಿಜ, ಸೀನಿಯರ್‌ಗಳದ್ದೂ ನಿಜ. ಅದೇ ಈ ಕ್ಷೇತ್ರದ ತಮಾಷೆ.

ಮೊದಲು ಪೇಪರ್ ಲೆಕ್ಕ ನೋಡೋಣ. 2024-25ರ ಸರ್ಕಾರಿ ಅಂದಾಜಿನಲ್ಲಿ ದೇಶದ ಒಟ್ಟು ಉತ್ಪನ್ನ ಶೇ 6.5 ಬೆಳೆದಿದ್ದರೆ ನಿರ್ಮಾಣ ಕ್ಷೇತ್ರ ಶೇ 9.4 ಬೆಳೆದಿದೆ. ರಸ್ತೆ, ರೈಲು, ಬಂದರು ಇಂಥದ್ದಕ್ಕೆಲ್ಲ ಕೇಂದ್ರ ಸರ್ಕಾರ ಹಾಕುವ ಬಂಡವಾಳ ವೆಚ್ಚ 2019-20ರಲ್ಲಿ ಸುಮಾರು 3.36 ಲಕ್ಷ ಕೋಟಿ ರೂಪಾಯಿ ಇತ್ತು. 2025-26ರ ಬಜೆಟ್‌ನಲ್ಲಿ ಅದು 11.21 ಲಕ್ಷ ಕೋಟಿ. ರಾಷ್ಟ್ರೀಯ ಹೆದ್ದಾರಿ 2014ರಲ್ಲಿ 91 ಸಾವಿರ ಕಿಲೋಮೀಟರ್ ಇದ್ದದ್ದು ಈಗ 1.46 ಲಕ್ಷ ಕಿಲೋಮೀಟರ್ ಆಗಿದೆ. ಸಿಮೆಂಟ್ ಮತ್ತು ಉಕ್ಕು ತಯಾರಿಸುವುದರಲ್ಲಿ ಚೀನಾ ಬಿಟ್ಟರೆ ನಾವೇ. ದೇಶದಲ್ಲಿ ದುಡಿಯುವ ನೂರು ಜನರಲ್ಲಿ 12-13 ಜನ ಈ ಕೆಲಸದಲ್ಲೇ ಇದ್ದಾರೆ. ಕೆಲಸ ಇಲ್ಲ ಅನ್ನುವ ಹಾಗೇ ಇಲ್ಲ.

ಆದರೆ ಈ ಓಟಕ್ಕೆ ದುಡ್ಡು ಹಾಕುತ್ತಿರುವುದು ಬಹುಪಾಲು ಸರ್ಕಾರ ಅನ್ನುವುದನ್ನು ಮರೆಯಬೇಡಿ. ಅದು ಸ್ವಲ್ಪ ಕೈ ಬಿಗಿ ಹಿಡಿದರೆ ಕೆಲಸ ಅಲ್ಲಿಗೇ ನಿಧಾನ. 2023-24ರಲ್ಲಿ 12,349 ಕಿ.ಮೀ. ಹೆದ್ದಾರಿ ಕಟ್ಟಿದ್ದರು, ಮರುವರ್ಷ ಅದು 10,660ಕ್ಕೆ ಇಳಿಯಿತು.

ಇನ್ನು ಸಂಬಳ. ಗುತ್ತಿಗೆ ಸಿಗುವುದು ಎಲ್ಲರಿಗಿಂತ ಕಡಿಮೆಗೆ ಬರೆದವನಿಗೆ. ಕಂಬಿ, ಸಿಮೆಂಟು, ಡೀಸೆಲ್ ದರ ಅವನ ಕೈಯಲ್ಲಿಲ್ಲ. ಅವನು ಕೊಯ್ಯಬಹುದಾದದ್ದು ಎರಡೇ, ಒಂದು ಕೂಲಿ, ಇನ್ನೊಂದು ಹೊಸ ಇಂಜಿನಿಯರ್ ಸಂಬಳ. ವರ್ಷ ವರ್ಷ ಕಾಲೇಜುಗಳಿಂದ ಗುಂಪು ಗುಂಪಾಗಿ ಹುಡುಗರು ಹೊರಬರುತ್ತಿರುವಾಗ ಅವನಿಗೇನು ಚಿಂತೆ? ಇವರಿಲ್ಲದಿದ್ದರೆ ಅವರು.

ಮೂರು ನಾಲ್ಕು ವರ್ಷ ಕಳೆದ ಮೇಲೆ ಕಥೆ ಬೇರೆ. ಬಿಲ್ಲಿಂಗ್ ಬರುವವರು, ಕ್ವಾಂಟಿಟಿ ತೆಗೆಯಲು ಬರುವವರು, ಟೋಟಲ್ ಸ್ಟೇಷನ್ ಅನ್ನುವ ಅಳತೆ ಯಂತ್ರ ಹಿಡಿದು ಸರ್ವೇ ಮಾಡುವವರು, ಕ್ವಾಲಿಟಿ ಮತ್ತು ಸೇಫ್ಟಿ ನೋಡುವವರು ಬೇಕು ಬೇಕು ಅಂದರೂ ಸಿಗುತ್ತಿಲ್ಲ. ಡ್ರಾಯಿಂಗ್ ನೋಡಿ ಬಾರ್ ಬೆಂಡಿಂಗ್ ಷೆಡ್ಯೂಲನ್ನು, ಅಂದರೆ ಯಾವ ಕಂಬಿ ಎಷ್ಟುದ್ದ, ಎಷ್ಟು, ಎಲ್ಲಿ ಬಾಗಬೇಕು ಅನ್ನುವ ಪಟ್ಟಿಯನ್ನು, ಸಾಫ್ಟ್‌ವೇರ್ ಇಲ್ಲದೆ ಕೈಯಲ್ಲೇ ಬರೆಯುವುದನ್ನು ಈ ವರ್ಷವೇ ಕಲಿಯಿರಿ. ಅಳತೆ ಪುಸ್ತಕ, ಅಂದರೆ ಎಲ್ಲರೂ ಎಂ.ಬಿ. ಅನ್ನುತ್ತಾರಲ್ಲ, ಅದನ್ನು ಬರೆಯುವುದು ಹೇಗೆ ಅಂತ ಯಾರಾದರೂ ಹಿರಿಯರ ಪಕ್ಕ ಕೂತು ನೋಡಿ. ಸಂದರ್ಶನದಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: ಸೈಟಿನಲ್ಲಿ ಹೆಣ್ಣುಮಕ್ಕಳಿಗೆ ಟಾಯ್ಲೆಟ್ ಇದೆಯಾ? ಕೇಳಿದ ತಕ್ಷಣ ಮುಖ ಸಿಂಡರಿಸಿದರೆ ಆ ಕಂಪನಿ ಬೇಡ, ಸುಮ್ನೆ ಎದ್ದು ಬನ್ನಿ. ಬ್ಯಾಂಕ್ ಪರೀಕ್ಷೆಯನ್ನೂ ಬರೆಯಿರಿ, ತಪ್ಪೇನಿಲ್ಲ. ಅಮ್ಮನಿಗೂ ಸಮಾಧಾನ.

ಪ್ರಶ್ನೆ (ಕೊಪ್ಪಳ ಜಿಲ್ಲೆ): ನಾನು ಸಣ್ಣ ಗುತ್ತಿಗೆದಾರ. ಚರಂಡಿ, ಸಿ.ಸಿ. ರಸ್ತೆ, ಶಾಲೆ ಕೊಠಡಿ ಇಂಥ ಕೆಲಸ ಮಾಡ್ತೇನೆ. ಕೆಲಸ ಮುಗಿದು ಒಂದೂವರೆ ವರ್ಷ ಆಯ್ತು, ಐವತ್ತು ಲಕ್ಷದ ಬಿಲ್ ಬಂದಿಲ್ಲ. ಈ ಕಡೆ ಟೆಂಡರ್‌ನಲ್ಲಿ ಶೇ 25 ಬಿಲೋ, ಅಂದರೆ ಅಂದಾಜಿಗಿಂತ ಅಷ್ಟು ಕಡಿಮೆಗೆ, ಹಾಕಿ ಕೆಲಸ ತಗೊಳ್ಳೋರು ಬಂದಿದ್ದಾರೆ. ಅವರಿಗೆ ಹೇಗೆ ಗಿಟ್ಟುತ್ತೆ? ನಾವು ಬದುಕೋದು ಹೇಗೆ?

ಉತ್ತರ: ಮೊದಲು ನಿಮ್ಮ ಐವತ್ತು ಲಕ್ಷದ ಲೆಕ್ಕ ಮಾಡೋಣ. ಆ ಕೆಲಸಕ್ಕೆ ಹೊರಗಿನಿಂದ ಸಾಲ ತಂದಿದ್ದೀರಿ ಅಂದುಕೊಳ್ಳಿ. ನಿಮ್ಮ ಕಡೆ ಸಾಮಾನ್ಯವಾಗಿ ನಡೆಯುವುದು ಎರಡು ರೂಪಾಯಿ ಬಡ್ಡಿ. ತಿಂಗಳಿಗೆ ಒಂದು ಲಕ್ಷ. ಹದಿನೆಂಟು ತಿಂಗಳಿಗೆ ಹದಿನೆಂಟು ಲಕ್ಷ. ಕೆಲಸದಲ್ಲಿ ನೂರಕ್ಕೆ ಹತ್ತು ಲಾಭ ಅಂದರೂ ನಿಮಗೆ ಸಿಗಬೇಕಿದ್ದದ್ದು ಐದು ಲಕ್ಷ. ಹದಿಮೂರು ಲಕ್ಷ ಕೈಯಿಂದ ಹೋಯಿತು, ಅದೂ ನೀವು ಒಂದು ಚೀಲ ಸಿಮೆಂಟ್ ಕಡಿಮೆ ಹಾಕದೆ, ಟೈಮಿಗೆ ಕೆಲಸ ಮುಗಿಸಿದ ಮೇಲೆ. ನಮ್ಮ ನಿರ್ಮಾಣ ಉದ್ಯಮದ ದೊಡ್ಡ ಕಾಯಿಲೆ ಇದೇ. ಕೆಲಸದ ಕೊರತೆ ಆಮೇಲಿನ ಮಾತು. ಮೇಲಿಂದ ದುಡ್ಡು ನಿಧಾನಕ್ಕೆ ಇಳಿಯುತ್ತದೆ, ನಷ್ಟ ಮಾತ್ರ ಸರಸರ ಕೆಳಗಿಳಿಯುತ್ತದೆ. ಇಲಾಖೆ ದೊಡ್ಡ ಗುತ್ತಿಗೆದಾರನನ್ನು ಕಾಯಿಸುತ್ತದೆ, ಅವನು ಸಬ್ ಕಾಂಟ್ರ್ಯಾಕ್ಟರನ್ನು, ಅವನು ಮೇಸ್ತ್ರಿಯನ್ನು. ಮೇಸ್ತ್ರಿ ಶನಿವಾರದ ಬಟವಾಡೆ ಮುಂದಕ್ಕೆ ಹಾಕುತ್ತಾನೆ. ಅವನ ಕೆಳಗಿನ ಆಳಿಗೆ ಕಾಯಿಸುವುದಕ್ಕೆ ಯಾರೂ ಉಳಿದಿರುವುದಿಲ್ಲ, ಹೆಂಡತಿ ಮಕ್ಕಳು ಬಿಟ್ಟರೆ.

ಬಿಲೋ ಹಾಕುವವರ ಗುಟ್ಟು. ಎಸ್.ಆರ್., ಅಂದರೆ ಇಲಾಖೆಯ ದರಪಟ್ಟಿಯ ದರದಲ್ಲೇ ಗುತ್ತಿಗೆದಾರನ ಖರ್ಚು, ಲಾಭ ಎರಡೂ ಸೇರಿರುತ್ತವೆ, ನಿಮಗೆ ಗೊತ್ತಿರುವುದೇ. ಕೋಟಿ ರೂಪಾಯಿ ಅಂದಾಜಿನ ಕೆಲಸವನ್ನು 75 ಲಕ್ಷಕ್ಕೆ ಮಾಡುತ್ತೇನೆ ಅನ್ನುವವನಿಗೆ ಇರುವ ದಾರಿಗಳು ಕೆಲವೇ. ಒಂದೋ ಅಂದಾಜೇ ಉಬ್ಬಿಸಿದ್ದಿರಬೇಕು. ಇಲ್ಲಾ ಮಾಲು ಕದಿಯಬೇಕು, ಆರು ಇಂಚಿನ ಕಾಂಕ್ರೀಟು ನಾಲ್ಕಾಗಬೇಕು. ಇಲ್ಲಾ ಮುಂದೆ ಎಕ್ಸ್‌ಟ್ರಾ ಐಟಂ ಅಂತ ಟೆಂಡರ್‌ನಲ್ಲಿ ಇಲ್ಲದ ಕೆಲಸ ಬರೆಸಿಕೊಳ್ಳುವ ಧೈರ್ಯ ಇರಬೇಕು. ಇನ್ನೊಂದು ಬಗೆಯವರಿದ್ದಾರೆ, ಅವರಿಗೆ ಲಾಭ ನಷ್ಟದ ಯೋಚನೆಯೇ ಇಲ್ಲ, ಹೊಸ ಕೆಲಸದ ಮೊದಲ ಬಿಲ್ಲಿನಲ್ಲಿ ಹಳೇ ಕೆಲಸದ ಸಾಲ ತೀರಿಸಿಕೊಂಡು ಚಕ್ರ ತಿರುಗಿಸುತ್ತಿರುತ್ತಾರೆ, ಒಂದು ದಿನ ಚಕ್ರ ನಿಲ್ಲುತ್ತದೆ, ಅರ್ಧ ಕಟ್ಟಿದ ಕೊಠಡಿ ನಿಮ್ಮೂರ ಶಾಲೆಯ ಅಂಗಳದಲ್ಲಿ ಕಂಬಿ ಮೇಲಕ್ಕೆ ಚಾಚಿಕೊಂಡು ನಿಲ್ಲುತ್ತದೆ. ಅಂಥವರ ಜೊತೆ ಪೈಪೋಟಿಗೆ ಇಳಿಯಬೇಡಿ. ಕೆಲಸ ಸಿಗದಿದ್ದರೆ ಆಗುವ ನಷ್ಟ ಆ ಕೆಲಸ ಸಿಕ್ಕಿದರೆ ಆಗುವ ನಷ್ಟಕ್ಕಿಂತ ಕಡಿಮೆ.

ತೆರಿಗೆ ಪೆಟ್ಟನ್ನೂ ಹೇಳಬೇಕು. ಸರ್ಕಾರಿ ಕಾಮಗಾರಿಗಳ ಮೇಲಿನ ಜಿ.ಎಸ್.ಟಿ. 2022ರ ಜುಲೈ 18ರಿಂದ ಶೇ 12ರಿಂದ 18ಕ್ಕೆ ಏರಿತು. ಹಳೇ ದರದಲ್ಲಿ ಟೆಂಡರ್ ಹಾಕಿದ್ದ ಎಷ್ಟೋ ಜನ ವ್ಯತ್ಯಾಸದ ದುಡ್ಡಿಗೆ ಕಚೇರಿ ಅಲೆದಿದ್ದಾರೆ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಕಡಿಮೆ ದರ ಒಂದನ್ನೇ ನೋಡಬೇಡಿ, ಗುಣಮಟ್ಟಕ್ಕೂ ಅಂಕ ಕೊಡಬಹುದು ಅಂತ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೇಳಿತು. ಮಧ್ಯಸ್ಥಿಕೆಯಲ್ಲಿ, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ, ಗೆದ್ದ ಗುತ್ತಿಗೆದಾರನಿಗೆ, ಇಲಾಖೆ ಮೇಲ್ಮನವಿ ಹಾಕಿದರೂ, ಬ್ಯಾಂಕ್ ಗ್ಯಾರಂಟಿ ಮೇಲೆ ಶೇ 75 ಕೊಡಿ ಅಂತ 2016ರಲ್ಲೇ ಕೇಂದ್ರ ಸಂಪುಟ ಸಮಿತಿ ತೀರ್ಮಾನಿಸಿತ್ತು. ಆದರೆ ಇವೆಲ್ಲ ದೊಡ್ಡವರಿಗೆ ದಕ್ಕುವ ದಾರಿ. ಅದರ ಮೇಲೆ 2024ರ ಜೂನ್‌ನಲ್ಲಿ, 10 ಕೋಟಿ ಮೀರಿದ ವ್ಯಾಜ್ಯಕ್ಕೆ ಮಧ್ಯಸ್ಥಿಕೆ ಷರತ್ತನ್ನು ಸುಮ್ಮನೆ ಎಲ್ಲ ಕಡೆ ಹಾಕಬೇಡಿ ಅಂತಲೂ ಹಣಕಾಸು ಸಚಿವಾಲಯದಿಂದ ಸೂಚನೆ ಬಂತು. ನಮ್ಮ ರಾಜ್ಯದಲ್ಲಿ ಸರ್ಕಾರ ಯಾವ ಪಕ್ಷದ್ದೇ ಇರಲಿ, ಬಾಕಿ ಬಿಲ್ಲಿನ ಕೂಗು ನಿಂತಿಲ್ಲ.

ಹಾಗಾದರೆ ನೀವು ಮಾಡಬೇಕಾದದ್ದು? ಟೆಂಡರ್ ಹಾಕುವ ಮೊದಲು ಆ ಕೆಲಸಕ್ಕೆ ಅನುದಾನ ಬಿಡುಗಡೆ ಆಗಿದೆಯಾ, ಬರೀ ಆಡಳಿತಾತ್ಮಕ ಮಂಜೂರಾತಿ ಮಾತ್ರವಾ ಅಂತ ನೋಡಿ. ಎರಡರ ನಡುವೆ ವರ್ಷಗಳ ದೂರ ಇರುತ್ತದೆ. ಕೆಲಸ ಮಾಡಿದ ವಾರವೇ ಎಂ.ಬಿ. ಬರೆಸಿ. ಮಣ್ಣು ಮುಚ್ಚುವ ಮೊದಲು ಪಾಯದ ಫೋಟೊ, ಅಳತೆ ಟೇಪು ಕಾಣುವ ಹಾಗೆ ತೆಗೆದಿಡಿ. ಮುಖ್ಯವಾದದ್ದು ಇನ್ನೊಂದಿದೆ. ಮಾಡಿದ ಕೆಲಸದ ದುಡ್ಡು ಕೇಳಿ ಕೋರ್ಟಿಗೆ ಹೋಗಲು ಕಾಲಮಿತಿ ಕಾಯ್ದೆಯಲ್ಲಿ 3 ವರ್ಷ ಅವಕಾಶ. ನಿಮಗೆ ಆಗಲೇ ಅರ್ಧ ಕಳೆದಿದೆ. ಬಾಕಿ ಇರುವುದು ನಿಜ ಎಂದು ಇಲಾಖೆ ಅವಧಿಯೊಳಗೆ ಬರಹದಲ್ಲಿ ಒಪ್ಪಿಕೊಂಡರೆ ಆ ದಿನದಿಂದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ಬಾಯಿಮಾತಿನಲ್ಲಿ "ಮಾಡೋಣ ಬಿಡ್ರೀ" ಅಂದದ್ದಕ್ಕೆ ಬೆಲೆಯಿಲ್ಲ. ಪತ್ರ ಬರೆಯಿರಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಉತ್ತರವನ್ನು ಬರಹದಲ್ಲೇ ಕೇಳಿ. ಊರಿನ ಒಬ್ಬ ಒಳ್ಳೆಯ ಸಿವಿಲ್ ವಕೀಲರಿಗೂ ಒಂದು ಸಲ ಕಾಗದ ತೋರಿಸಿ.

ಪ್ರಶ್ನೆ (ಯಾದಗಿರಿ): ನಮ್ಮಪ್ಪ ಬೆಂಗಳೂರಿಗೆ ಗುಳೆ ಹೋಗಿ ಇಪ್ಪತ್ತು ವರ್ಷದಿಂದ ಸೆಂಟ್ರಿಂಗ್ (ಕಾಂಕ್ರೀಟಿಗೆ ಹಲಗೆ, ಆಸರೆ ಕಟ್ಟುವ) ಕೆಲಸ ಮಾಡ್ತಾರೆ. ಕಳೆದ ವರ್ಷ ಎರಡನೇ ಮಹಡಿಯಿಂದ ಬಿದ್ದು ಕೈ ಮುರಿದುಕೊಂಡರು. ಮೇಸ್ತ್ರಿ ಒಂದು ಸಲ ಆಸ್ಪತ್ರೆ ಬಿಲ್ ಕಟ್ಟಿದ, ಆಮೇಲೆ ಫೋನ್ ಎತ್ತುತ್ತಿಲ್ಲ. ಕಾರ್ಮಿಕ ಕಾರ್ಡ್ ಕೂಡ ಇಲ್ಲ. ಈಗೇನು ಮಾಡೋದು ಅಣ್ಣ?

ಉತ್ತರ: ತಂಗಿ, ಮೇಸ್ತ್ರಿ ಫೋನ್ ಎತ್ತದಿದ್ದರೆ ಬಿಡಿ. ಕೆಲಸ ಮಾಡಿಸಿದ ಮುಖ್ಯ ಗುತ್ತಿಗೆದಾರ, ಅವನ ಮೇಲೆ ಕಟ್ಟಡ ಕಟ್ಟಿಸುತ್ತಿರುವ ಬಿಲ್ಡರ್ ಇರುತ್ತಾರಲ್ಲ, ಪರಿಹಾರದ ಹೊಣೆ ಅವರವರೆಗೂ ಹೋಗುತ್ತದೆ. ನಡುವೆ ಎಷ್ಟು ಜನ ಮೇಸ್ತ್ರಿಗಳಿದ್ದರೂ ಇದು ತಪ್ಪುವುದಿಲ್ಲ. 1923ರಿಂದ ಇದ್ದ ಪರಿಹಾರ ಕಾಯ್ದೆಯಲ್ಲಿ ಅಪಘಾತವಾಗಿ 2 ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಯಾವುದರ ಕೆಳಗೆ ಅನ್ನುವುದನ್ನು ಕಾರ್ಮಿಕ ಇಲಾಖೆಯವರು ನೋಡಿಕೊಳ್ಳಲಿ, ನೀವು ಮಾತ್ರ ತಡ ಮಾಡಬೇಡಿ. ಆಸ್ಪತ್ರೆ ಚೀಟಿ, ಎಕ್ಸ್‌ರೇ, ಸೈಟಿನ ವಿಳಾಸ, ಬೋರ್ಡಿನ ಫೋಟೊ, ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರ ಹೆಸರು, ಮೇಸ್ತ್ರಿ ಫೋನ್‌ಪೇನಲ್ಲಿ ದುಡ್ಡು ಹಾಕಿದ್ದರೆ ಅದರ ಸ್ಕ್ರೀನ್‌ಶಾಟ್, ಎಲ್ಲ ಒಟ್ಟು ಮಾಡಿ. ಕೆಲಸದಲ್ಲಿದ್ದರು ಅಂತ ತೋರಿಸುವುದಕ್ಕೆ ಆ ಸ್ಕ್ರೀನ್‌ಶಾಟ್ ಒಂದೇ ಎಷ್ಟೋ ಸಲ ಸಾಕಾಗುತ್ತದೆ.

ಕಾರ್ಡ್ ಮಾಡಿಸಲೇಬೇಕು. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಅಪ್ಪ ಕೈ ಮುರಿದು ಮನೆಯಲ್ಲಿರುವುದರಿಂದ ಈ 90 ದಿನದ ಲೆಕ್ಕ ತಪ್ಪಿಹೋಗಬಹುದು, ಅದನ್ನು ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ. ಕಾರ್ಡ್ ಕೊಡಿಸುತ್ತೇನೆ ಅಂತ ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಕಟ್ಟಡದ ಮುಖವನ್ನೇ ನೋಡದವರು ಕಾರ್ಡ್ ಮಾಡಿಸಿಕೊಂಡಿದ್ದು, ಆಮೇಲೆ ಸರ್ಕಾರ ರಾಶಿ ಬೋಗಸ್ ಕಾರ್ಡ್ ರದ್ದು ಮಾಡಿದ್ದು ಎಲ್ಲರಿಗೂ ಗೊತ್ತಿದೆ. ನಿಜವಾಗಿ ಬೆವರು ಸುರಿಸಿದವರಿಗೆ ಕಾರ್ಡಿಲ್ಲ, ನೋಡಿ ಹೇಗಿದೆ.

ಈ ಮಂಡಳಿಯ ದುಡ್ಡು ಯಾರ ದಾನವೂ ಅಲ್ಲ. 1996ರ ಕಾಯ್ದೆ ಬಂದ ಮೇಲೆ ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಇದಕ್ಕೇ ಅಂತ ಕಟ್ಟಿಸಿಕೊಳ್ಳುತ್ತಿದ್ದಾರೆ. ಎಲ್ಲ ರಾಜ್ಯಗಳೂ ಸೇರಿ 37,400 ಕೋಟಿಗಿಂತ ಹೆಚ್ಚು ಕೂಡಿಹಾಕಿ, ಖರ್ಚು ಮಾಡಿದ್ದು ಬರೀ 9,500 ಕೋಟಿಯ ಆಸುಪಾಸು ಅನ್ನುವುದನ್ನು ನೋಡಿ 2018ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಗಳಿಗೆ ಚೆನ್ನಾಗಿಯೇ ಛೀಮಾರಿ ಹಾಕಿತು.

ನಿಮ್ಮಪ್ಪ ಬಿದ್ದದ್ದು ಹಣೆಬರಹ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಎರಡನೇ ಮಹಡಿಯ ಅಂಚಿನಲ್ಲಿ ಸೆಂಟ್ರಿಂಗ್ ಬಿಚ್ಚುವವನ ಸೊಂಟಕ್ಕೆ ಬೆಲ್ಟ್ ಇಲ್ಲ, ಅಂಚಿಗೆ ಅಡ್ಡ ಕಂಬಿ ಇಲ್ಲ, ಕೆಳಗೆ ಬಲೆ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಇವನ್ನೆಲ್ಲ ಕೊಡುವುದು ಗುತ್ತಿಗೆದಾರನ ಕೆಲಸ, ಅದರ ಖರ್ಚು ಇಡೀ ಕಟ್ಟಡದ ಲೆಕ್ಕದಲ್ಲಿ ಏನೇನೂ ಅಲ್ಲ, ಆದರೂ ಬಿಲೋ ಹಾಕಿದವನು ಮೊದಲು ಕತ್ತರಿಸುವುದು ಅದನ್ನೇ. ಧಾರವಾಡದಲ್ಲಿ 2019ರ ಮಾರ್ಚ್‌ನಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ ಮಳೆಯಲ್ಲಿ ಕಟ್ಟುತ್ತಿದ್ದ ಕಟ್ಟಡ ಬಿದ್ದಾಗ ಅಡಿಯಲ್ಲಿ ಸಿಕ್ಕಿದವರು ಹೊರಗಿನಿಂದ ದುಡಿಯಲು ಬಂದ ಕೂಲಿಗಳೇ.

ಪ್ರಶ್ನೆ (ಬೆಂಗಳೂರು): ಕೋರಮಂಗಲದ ಈಜಿಪುರ ಫ್ಲೈಓವರ್ ಎರಡೂವರೆ ಕಿಲೋಮೀಟರ್. 2017ರಲ್ಲಿ ಶುರುವಾಯಿತು, 2019ಕ್ಕೆ ಮುಗಿಯಬೇಕಿತ್ತು. ಚೀನಾದಲ್ಲಿ ಹತ್ತು ದಿನಕ್ಕೆ ಆಸ್ಪತ್ರೆ ಕಟ್ಟುತ್ತಾರೆ. ನಮ್ಮವರಿಗೆ ಏನು ಬಂದಿದೆ?

ಉತ್ತರ: ಚೀನಾವರೆಗೆ ಯಾಕೆ ಹೋಗ್ತೀರಿ ಸ್ವಾಮಿ? ಮುಂಬೈಯ ಅಟಲ್ ಸೇತು ನೋಡಿ. 21.8 ಕಿ.ಮೀ. ಅದರಲ್ಲಿ ಸುಮಾರು 16.5 ಕಿ.ಮೀ. ಸಮುದ್ರದ ಮೇಲೆ. ಕೆಲಸ ಶುರುವಾದದ್ದು 2018ರಲ್ಲಿ, ಉದ್ಘಾಟನೆಯಾದದ್ದು 2024ರ ಜನವರಿ 12ಕ್ಕೆ. ನಮ್ಮ ಇಂಜಿನಿಯರ್‌ಗಳಿಗೆ ಕಟ್ಟಲು ಬರುತ್ತದೆ. ಸಮುದ್ರದಲ್ಲಿ ಇಲ್ಲದ್ದು ಕೋರಮಂಗಲದಲ್ಲಿ ಇದೆ ಅಷ್ಟೇ: ಸೈಟ್ ಮಾಲೀಕರು, ಟ್ರಾಫಿಕ್ಕು, ಮರಗಳು, ರಸ್ತೆಯ ಅಡಿಯಲ್ಲಿ ನೀರಿನ ಪೈಪು, ಒಳಚರಂಡಿ, ಕರೆಂಟ್ ಕೇಬಲ್ಲು. ಯಾವ ಪೈಪು ಎಲ್ಲಿ ಹೋಗಿದೆ ಅನ್ನುವ ಸರಿಯಾದ ನಕ್ಷೆ ಯಾರ ಹತ್ತಿರವೂ ಇರುವುದಿಲ್ಲ. ಕಂಬದ ಪಾಯ ತೋಡಲು ಹೋದಾಗ ಪೈಪು ಸಿಗುತ್ತದೆ. ಕೆಲಸ ನಿಲ್ಲುತ್ತದೆ. ಪತ್ರ ಹೋಗುತ್ತದೆ. ಉತ್ತರ ಬರುವ ಹೊತ್ತಿಗೆ ಮಳೆಗಾಲ.

ಆದರೆ ಈಜಿಪುರದ ಕಥೆಯಲ್ಲಿ ಬರೀ ಪೈಪಿನ ಮೇಲೆ ತಪ್ಪು ಹಾಕಿದರೆ ಆಗುವುದಿಲ್ಲ. ನಡುವೆ ಕೆಲಸ ನಿಂತು, 2022ರಲ್ಲಿ ಗುತ್ತಿಗೆಯೇ ರದ್ದಾಗಿ, ಮರುವರ್ಷ ಹೊಸಬರಿಗೆ ಕೊಡಬೇಕಾಯಿತು. ಗುತ್ತಿಗೆ ರದ್ದಾದರೆ ಏನಾಗುತ್ತದೆ ಗೊತ್ತಾ? ಹಳಬರು ಮಾಡಿದ್ದನ್ನು ಅಳೆಯಬೇಕು, ಅದು ಗಟ್ಟಿಯಿದೆಯಾ ನೋಡಬೇಕು, ಉಳಿದ ಕೆಲಸಕ್ಕೆ ಹೊಸ ದರದಲ್ಲಿ ಅಂದಾಜು, ಮತ್ತೆ ಟೆಂಡರ್. ಅಷ್ಟರಲ್ಲಿ ತುಕ್ಕು ಹಿಡಿದ ಕಂಬಿ ಕೆಳಗೆ ನೀವು ದಿನಾ ಸ್ಕೂಟರ್ ಓಡಿಸುತ್ತಿರುತ್ತೀರಿ.

ದೇಶದ ಲೆಕ್ಕವೂ ಹೀಗೇ ಇದೆ. 150 ಕೋಟಿಗಿಂತ ದೊಡ್ಡ ಕೇಂದ್ರ ಯೋಜನೆಗಳ ಪಟ್ಟಿಯನ್ನು ಅಂಕಿಅಂಶ ಸಚಿವಾಲಯ ಇಡುತ್ತದೆ. 2024ರ ಮಾರ್ಚ್‌ನಲ್ಲಿ ಅಂಥ 1,873 ಯೋಜನೆಗಳಲ್ಲಿ 779 ತಡವಾಗಿ ಓಡುತ್ತಿದ್ದವು. 449ರ ಖರ್ಚು ಅಂದಾಜು ಮೀರಿತ್ತು, ಮೀರಿದ್ದು ಒಟ್ಟು 5 ಲಕ್ಷ ಕೋಟಿ ರೂಪಾಯಿ. ನಮ್ಮ ಮೆಟ್ರೊ ಎರಡನೇ ಹಂತಕ್ಕೆ 2014ರಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು 26,405 ಕೋಟಿ. ಅದರ ಹಳದಿ ಮಾರ್ಗ ಓಡಿದ್ದು 2025ರ ಆಗಸ್ಟ್‌ನಲ್ಲಿ. ಕಂಬ, ನಿಲ್ದಾಣ ಎಲ್ಲ ಸಿದ್ಧವಾದ ಮೇಲೂ ಬೋಗಿ ಬರದೆ ಕಾದು ಕೂತಿತ್ತು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ. ಕಾಡಿನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಆ ವಿಷಯದಲ್ಲಿ ನಾನು ಕಾಡಿನ ಕಡೆಯವನು, ಅದು ಬೇರೆ ಮಾತು.

ಜಾಗ ಕೈಗೆ ಬರುವ ಮೊದಲೇ ಗುತ್ತಿಗೆ ಕೊಟ್ಟು ಭೂಮಿಪೂಜೆ ಮಾಡುವುದನ್ನು ನಿಲ್ಲಿಸಿದರೆ ಅರ್ಧ ತಡ ಕಡಿಮೆಯಾಗುತ್ತದೆ. ಹೆದ್ದಾರಿಯವರು ಈಗ ಬಹುಪಾಲು ಜಾಗ ಸಿಕ್ಕ ಮೇಲೆಯೇ ಕೆಲಸದ ದಿನ ಲೆಕ್ಕ ಹಾಕುವ ನಿಯಮ ಇಟ್ಟುಕೊಂಡಿದ್ದಾರೆ. ಊರೊಳಗಿನ ಕೆಲಸಗಳಿಗೆ ಆ ಬುದ್ಧಿ ಇನ್ನೂ ಬಂದಿಲ್ಲ. ಚುನಾವಣೆ ಹತ್ತಿರ ಬಂದರಂತೂ ಕೇಳಲೇಬೇಡಿ.

ಪ್ರಶ್ನೆ (ತುಮಕೂರು): ಸಿಮೆಂಟ್ ಮೇಲಿನ ತೆರಿಗೆ ಇಳಿಯಿತು ಅಂತ ಮನೆ ಕೆಲಸಕ್ಕೆ ಕೈ ಹಾಕಿದೆ. ಹತ್ತು ಚದರದ ಮನೆ. ಖರ್ಚು ಇಳಿದದ್ದು ಎಲ್ಲೂ ಕಾಣುತ್ತಿಲ್ಲವಲ್ಲ?

ಉತ್ತರ: ಕಾಣುವುದೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿ.ಎಸ್.ಟಿ. ಶೇ 28ರಿಂದ 18ಕ್ಕೆ ಇಳಿದದ್ದು ನಿಜ. ತೆರಿಗೆ ಬಿಟ್ಟು ಚೀಲಕ್ಕೆ 300 ರೂಪಾಯಿ ಅಂದುಕೊಂಡರೆ ಮೊದಲು 384 ಆಗುತ್ತಿತ್ತು, ಈಗ 354. ಮೂವತ್ತು ರೂಪಾಯಿ ಉಳಿತಾಯ. ಹತ್ತು ಚದರಕ್ಕೆ ನಾನ್ನೂರು ಚೀಲದ ಆಸುಪಾಸು ಬೇಕು, ಅಂದರೆ ಹನ್ನೆರಡು ಸಾವಿರ. ಇಪ್ಪತ್ತು ಲಕ್ಷ ದಾಟುವ ಮನೆಯಲ್ಲಿ ಹನ್ನೆರಡು ಸಾವಿರ ಯಾವ ಮೂಲೆಗೆ? ಅದೂ ಅಂಗಡಿಯವನು ಪೂರ್ತಿ ಇಳಿಸಿದ್ದರೆ. ಕೂಲಿ ಏರಿದೆ, ಕಲ್ಲು ಪುಡಿ ಮಾಡಿ ತಯಾರಿಸುವ ಮರಳು, ಅಂದರೆ ಎಂ-ಸ್ಯಾಂಡ್ ಏರಿದೆ.

ಖರ್ಚು ಉಳಿಸುವ ಯೋಚನೆ ಬಿಟ್ಟು ಮೋಲ್ಡ್, ಅಂದರೆ ತಾರಸಿ ಕಾಂಕ್ರೀಟು, ಹಾಕುವ ದಿನ ರಜೆ ಹಾಕಿ ಅಲ್ಲೇ ನಿಲ್ಲಿ. ಮಧ್ಯಾಹ್ನ ಊಟ ಆದ ಮೇಲೆ ಕೈ ಸೋತಿರುತ್ತದೆ, ಮಾಲು ಗಟ್ಟಿಯಾಗಿದೆ, ಸಲಿಕೆಗೆ ಬರುತ್ತಿಲ್ಲ ಅಂತ ಮಿಕ್ಸರ್ ಹತ್ತಿರ ಇರುವ ಹುಡುಗ ಒಂದು ಬಕೆಟ್ ನೀರು ಜಾಸ್ತಿ ಸುರಿಯುತ್ತಾನೆ. ಮಾಲು ಜಾರಿಕೊಂಡು ಹರಿಯುತ್ತದೆ, ಎಲ್ಲರಿಗೂ ಖುಷಿ. ನೀವು ದುಡ್ಡು ಕೊಟ್ಟ ಸಿಮೆಂಟಿನ ಶಕ್ತಿ ಆ ಬಕೆಟ್ಟಿನಲ್ಲಿ ಹೋಗುತ್ತದೆ. ಆಮೇಲೆ ಸ್ಲ್ಯಾಬಿನ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಪಿ.ಪಿ.ಸಿ., ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್, ಅದಕ್ಕೆ ಕನಿಷ್ಠ 10 ದಿನ, ಬಿಸಿಲು ಜಾಸ್ತಿಯಿದ್ದರೆ 14 ದಿನ ಕ್ಯೂರಿಂಗ್ ಬೇಕು. ಕ್ರಷರ್ ಧೂಳನ್ನೇ ಎಂ-ಸ್ಯಾಂಡ್ ಅಂತ ಇಳಿಸಿ ಹೋಗುವ ಲಾರಿಯವರೂ ಇದ್ದಾರೆ. ಅಂಗೈಯಲ್ಲಿ ಉಜ್ಜಿ ನೋಡಿ, ಹಿಟ್ಟಿನ ಹಾಗೆ ಮೆತ್ತಿಕೊಂಡರೆ ಲಾರಿ ವಾಪಸ್ ಕಳಿಸಿ.

ಪ್ರಶ್ನೆ (ಮೈಸೂರು): ಫ್ಲ್ಯಾಟ್ ಬುಕ್ ಮಾಡಿ ನಾಲ್ಕು ವರ್ಷ. ಕೊಡಬೇಕಾದ ದಿನ ದಾಟಿ ಎರಡು ವರ್ಷ. ರೇರಾ ಅಂತ ಒಂದಿದೆಯಲ್ಲ, ಅದು ಕೆಲಸ ಮಾಡುತ್ತಾ?

ಉತ್ತರ: ಅರ್ಧ ಮಾಡುತ್ತೆ. ಒಂದು ಪ್ರಾಜೆಕ್ಟಿನಲ್ಲಿ ತೆಗೆದುಕೊಂಡ ದುಡ್ಡನ್ನು ಇನ್ನೊಂದು ಕಡೆ ಜಾಗ ಕೊಳ್ಳಲು ಹಾಕುವುದನ್ನು ತಪ್ಪಿಸಬೇಕು ಅಂತಲೇ 2016ರ ರೇರಾ ಕಾಯ್ದೆ ಬಂತು. ಕೊಂಡವರಿಂದ ಬಂದ ದುಡ್ಡಿನಲ್ಲಿ ಶೇ 70ನ್ನು ಆ ಪ್ರಾಜೆಕ್ಟಿನದ್ದೇ ಬೇರೆ ಖಾತೆಯಲ್ಲಿ ಇಡಬೇಕು. ದಿನ ದಾಟಿದರೆ ನೀವು ಬಡ್ಡಿ ಸಮೇತ ದುಡ್ಡು ವಾಪಸ್ ಕೇಳಬಹುದು, ಇಲ್ಲಾ ಫ್ಲ್ಯಾಟೇ ಬೇಕು ಅಂದರೆ ಕೀ ಕೊಡುವವರೆಗೆ ತಿಂಗಳ ಬಡ್ಡಿ ಕೇಳಬಹುದು. ಕರ್ನಾಟಕದ ನಿಯಮದಲ್ಲಿ ಈ ಬಡ್ಡಿ ಸ್ಟೇಟ್ ಬ್ಯಾಂಕಿನ ಎಂ.ಸಿ.ಎಲ್.ಆರ್. (ಸಾಲಕ್ಕೆ ಬ್ಯಾಂಕ್ ಇಟ್ಟುಕೊಳ್ಳುವ ಮೂಲ ಬಡ್ಡಿ) ದರಕ್ಕೆ ಶೇ 2 ಸೇರಿಸಿದಷ್ಟು. ಆದೇಶ ಸಿಗುವುದು ಅಷ್ಟೇನೂ ಕಷ್ಟವಲ್ಲ. ಆದೇಶದ ದುಡ್ಡು ಬಿಲ್ಡರ್ ಕೈಯಿಂದ ಹೊರಡಿಸುವುದೇ ಕಷ್ಟ. ವಸೂಲಿಗೆ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ, ಅಲ್ಲಿ ಫೈಲುಗಳ ಮೇಲೆ ಫೈಲು. ಒಬ್ಬರೇ ಓಡಾಡಬೇಡಿ, ಆ ಕಟ್ಟಡದ ಉಳಿದವರನ್ನೂ ಸೇರಿಸಿಕೊಳ್ಳಿ.

ಪ್ರಶ್ನೆ (ಹಾಸನ): ಈಗ ಮಷೀನೇ ಮನೆ ಕಟ್ಟುತ್ತಂತೆ. ಹಾಗಾದರೆ ಗಾರೆ ಕೆಲಸದವರ ಗತಿ? ನನ್ನ ತಮ್ಮ ಈ ಕೆಲಸ ಕಲಿಯುತ್ತಿದ್ದಾನೆ, ಬಿಡಿಸಲಾ?

ಉತ್ತರ: ಬಿಡಿಸಬೇಡಿ. ಬೆಂಗಳೂರಿನ ಹಲಸೂರಿನ ಹತ್ತಿರ ಕೇಂಬ್ರಿಡ್ಜ್ ಲೇಔಟ್‌ನಲ್ಲಿ 3ಡಿ ಪ್ರಿಂಟಿಂಗ್‌ನಲ್ಲಿ ಕಟ್ಟಿದ ಅಂಚೆ ಕಚೇರಿ ಇದೆ, 2023ರ ಆಗಸ್ಟ್‌ನಲ್ಲಿ ಶುರುವಾಯಿತು. 1,021 ಚದರಡಿ, ಒಂದೂವರೆ ತಿಂಗಳೊಳಗೆ ಎದ್ದು ನಿಂತಿತು. ಚೆನ್ನೈಯಲ್ಲಿ ಫ್ಯಾಕ್ಟರಿಯಲ್ಲೇ ಎರಕ ಹೊಯ್ದ ಗೋಡೆ, ತೊಲೆ ತಂದು ಜೋಡಿಸಿ 1,152 ಮನೆಗಳನ್ನು ಕಟ್ಟಿದ್ದಾರೆ, 2022ರಲ್ಲಿ ಹಂಚಿದರು. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಅಲ್ಯೂಮಿನಿಯಂ ಶಟರಿಂಗ್, ಅಂದರೆ ಗೋಡೆಯನ್ನೂ ಕಾಂಕ್ರೀಟಿನಲ್ಲೇ ಎರಕ ಹೊಯ್ಯುವ ಅಚ್ಚು, ಬಂದ ಮೇಲೆ ಇಟ್ಟಿಗೆ ಕಟ್ಟುವ ಕೆಲಸ ಕಡಿಮೆಯಾಗಿದೆ, ಅದು ನಿಜ. ಆದರೆ ಆ ಶಟರಿಂಗ್ ಜೋಡಿಸುವವರು, ಕಂಬಿ ಕಟ್ಟುವವರು, ಟೈಲ್ಸ್ ಹಾಕುವವರು ಸಾಲುತ್ತಿಲ್ಲ. ದೇಶದಲ್ಲಿ ಈ ಕೆಲಸ ಮಾಡುವ ಸುಮಾರು 7 ಕೋಟಿ ಜನರಲ್ಲಿ ಐವರಿಗೆ ನಾಲ್ವರು ಯಾವ ತರಬೇತಿಯೂ ಇಲ್ಲದವರು. ಕೆಲಸಗಾರರು ಸಿಗುತ್ತಿಲ್ಲ ಅಂತ ಎಲ್ ಆಂಡ್ ಟಿಯಂಥ ದೊಡ್ಡ ನಿರ್ಮಾಣ ಕಂಪನಿಯ ಮುಖ್ಯಸ್ಥರೇ ಬಹಿರಂಗವಾಗಿ ಹೇಳಿದ್ದರು. ಜನ ಊರು ಬಿಟ್ಟು ಬರುತ್ತಿಲ್ಲ ಅಂತ ಅವರ ದೂರು. ತಗಡಿನ ಶೆಡ್ಡು, ಇಪ್ಪತ್ತು ಜನಕ್ಕೆ ಒಂದು ನಲ್ಲಿ, ಯಾವಾಗ ಬರುತ್ತೋ ಗೊತ್ತಿಲ್ಲದ ಬಟವಾಡೆ, ಇಷ್ಟಕ್ಕೆ ಯಾರು ಬರುತ್ತಾರೆ? 2024ರಲ್ಲಿ ಇಸ್ರೇಲಿಗೆ ಸೆಂಟ್ರಿಂಗ್, ಕಂಬಿ, ಪ್ಲಾಸ್ಟರಿಂಗ್ ಕೆಲಸಕ್ಕೆ ತಿಂಗಳಿಗೆ 1.37 ಲಕ್ಷ ಕೊಡುತ್ತೇವೆ ಅಂದಾಗ, ಅಲ್ಲಿ ಯುದ್ಧ ನಡೆಯುತ್ತಿದ್ದರೂ ಹರಿಯಾಣ, ಉತ್ತರ ಪ್ರದೇಶದಲ್ಲಿ ಸಾವಿರಾರು ಜನ ಚಳಿಯಲ್ಲಿ ಸಾಲು ನಿಂತಿದ್ದರು.

ತಮ್ಮನಿಗೆ ಇಷ್ಟು ಹೇಳಿ. ಬರೀ ಇಟ್ಟಿಗೆ, ಪ್ಲಾಸ್ಟರಿಂಗ್‌ಗೆ ನಿಲ್ಲಬೇಡ, ಟೈಲ್ಸ್ ಕಲಿ, ಅಲ್ಯೂಮಿನಿಯಂ ಶಟರಿಂಗ್ ಇರುವ ಸೈಟಿನಲ್ಲಿ ಆರು ತಿಂಗಳು ಹೆಲ್ಪರ್ ಆಗಿಯಾದರೂ ನಿಲ್ಲು, ಡ್ರಾಯಿಂಗ್ ಓದುವುದನ್ನು ಕಲಿ. ಕೆಲಸ ಗೊತ್ತಿರುವವರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಆರ್.ಪಿ.ಎಲ್. ಅಂತ ಒಂದು ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿದೆ, ಜಿಲ್ಲಾ ಕೌಶಲ ಕಚೇರಿಯಲ್ಲಿ ವಿಚಾರಿಸಿ. 90 ದಿನ ತುಂಬಿದ ಕೂಡಲೇ ಕಾರ್ಡ್ ಮಾಡಿಸಲಿ. ಹಾಜರಿ ಎಷ್ಟು ದಿನ, ಎಷ್ಟು ಕೊಟ್ಟರು, ಎಷ್ಟು ಬಾಕಿ ಅಂತ ಮೇಸ್ತ್ರಿಯ ಪುಸ್ತಕದಲ್ಲಿ ಇದ್ದರೆ ಸಾಲದು, ಅವನ ಹತ್ತಿರವೂ ಒಂದು ಪುಸ್ತಕ ಇರಲಿ, ಪ್ರತಿ ಶನಿವಾರ ಮೇಸ್ತ್ರಿಯ ಸಹಿ ಹಾಕಿಸಿಕೊಳ್ಳಲಿ.